ಆಫ್-ರೋಡ್‌ಗೆ ಬಳಸಿದ ಹಳೆಯ ಗಾಡಿ ಕೊಳ್ಳುವಾಗ ಎಂಜಿನ್ ಚೆನ್ನಾಗಿದ್ದು, ಓಡಿದ ಕಿಲೋಮೀಟರ್ ಕಡಿಮೆಯಿದ್ದರೆ ಸಾಕೇ?

ಎಂಜಿನ್ನಿನಲ್ಲಿ ಸದ್ದಿಲ್ಲ, ಹೊಗೆಯಿಲ್ಲ, ಓಡಿದ ಕಿಲೋಮೀಟರೂ ಕಡಿಮೆ, ಒಂದು ಗಂಟೆ ರಸ್ತೆಯಲ್ಲಿ ಓಡಿಸಿಯೂ ನೋಡಿದ್ದೇನೆ ಎಂದು ನೀವು ಬರೆದಿರುವುದನ್ನು ಓದಿದಾಗ, ಆರು ವರ್ಷಗಳ ಹಿಂದೆ ನಾನೇ ಆಡಿದ್ದ ಮಾತುಗಳನ್ನು ಯಾರೋ ನನಗೇ ಓದಿ ಹೇಳಿದಂತಾಯಿತು. ನಾನೂ ಅಷ್ಟನ್ನೇ ನೋಡಿ ಮುಂಗಡ ಕೊಟ್ಟು ಬಂದವನು.

ನಾನು ಕೊಂಡದ್ದು ಪಾರ್ಟ್-ಟೈಮ್ ಫೋರ್-ವೀಲ್ ಡ್ರೈವ್, ಅಂದರೆ ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ವ್ಯವಸ್ಥೆ ಇರುವ ಹಳೆಯ ಡೀಸೆಲ್ ಗಾಡಿ. ಅದರ ಮುಂದಿನ ಚಕ್ರಗಳಲ್ಲಿ ಕೈಯಿಂದ ತಿರುಗಿಸಿ ಲಾಕ್ ಮಾಡುವ, ಚಕ್ರವನ್ನು ಆಕ್ಸಲಿಗೆ ಜೋಡಿಸುವ ಇಲ್ಲವೇ ಬಿಡಿಸುವ ಫ್ರೀ-ವೀಲಿಂಗ್ ಹಬ್‌ಗಳಿದ್ದವು. ಏನೂ ತಿಳಿಯದೆ ಹೋಗಿದ್ದೆನೆಂದೇನಲ್ಲ. ಬಾನೆಟ್ ಮುಟ್ಟಿ ಎಂಜಿನ್ ತಣ್ಣಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಸ್ಟಾರ್ಟ್ ಮಾಡಿದೆ, ಏಕೆಂದರೆ ಮಾರುವವರು ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನಿನಲ್ಲಿ ಅರ್ಧ ರೋಗಗಳು ಅಡಗಿಕೊಂಡಿರುತ್ತವೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಉಗುಳುತ್ತದೆಯೇ ಎಂದು ನೋಡಿದೆ, ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ಎಂದು ನೋಡಿದೆ, ಏರಿನಲ್ಲಿ ಮೇಲಿನ ಗೇರ್ ಹಾಕಿ ಕ್ಲಚ್ ಜಾರುವುದಿಲ್ಲವೆಂದು ತಿಳಿದುಕೊಂಡೆ. ಆಮೇಲೆ ಒಂದು ಗಂಟೆ ಓಡಿಸಿದೆ. ಎಲ್ಲಿಯೂ ಒಂದು ಅಪಸ್ವರ ಕೇಳಲಿಲ್ಲ.

ಆದರೆ ಆ ಒಂದು ಗಂಟೆಯುದ್ದಕ್ಕೂ ಹಬ್‌ಗಳು ‘ಫ್ರೀ’ ಸ್ಥಾನದಲ್ಲಿಯೇ ಇದ್ದವು. ನನ್ನ ತಪ್ಪು ಇಷ್ಟೇ, ಆದರೂ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಬ್ ಫ್ರೀ ಇದ್ದಾಗ ಮುಂದಿನ ಚಕ್ರಗಳು ತಮ್ಮಷ್ಟಕ್ಕೆ ತಾವು ಉರುಳುತ್ತವೆಯೇ ಹೊರತು, ಅವುಗಳ ಒಳಗಿನ ಆಕ್ಸಲ್ ಶಾಫ್ಟ್‌ಗಳಾಗಲಿ, ಎಡ-ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಆಗಲಿ, ಅಲ್ಲಿಂದ ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಕಳಿಸುವ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಆಗಲಿ ತಿರುಗುವುದಿಲ್ಲ. ಅವು ಸುಮ್ಮನೆ ಸಾಮಾನಿನಂತೆ ಗಾಡಿಯ ಜೊತೆ ಪ್ರಯಾಣಿಸುತ್ತವೆ. ತಿರುಗದ ಬೇರಿಂಗ್ ಸದ್ದು ಮಾಡುವುದಾದರೂ ಹೇಗೆ? ನಾನು ಪರೀಕ್ಷಿಸಿದ್ದು ಗಾಡಿಯ ಹಿಂದಿನ ಅರ್ಧವನ್ನು ಮಾತ್ರ, ಹಣ ಕೊಟ್ಟದ್ದು ಪೂರ್ತಿ ಗಾಡಿಗೆ.

ಮೂರನೆಯ ವಾರ ಮೊದಲ ಬಾರಿಗೆ ಕೆಸರಿನ ಏರಿಗೆ ಹೋದಾಗ ಹಬ್ ಲಾಕ್ ಮಾಡಿದೆ. ಕಾಲಿನ ಕೆಳಗಿನಿಂದ ಸಣ್ಣಗೆ ಗುಂಯ್‌ಗುಡುವ ಸದ್ದು ಶುರುವಾಯಿತು. ದಪ್ಪ ಹಲ್ಲಿನ ಟೈರುಗಳ ಸದ್ದಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ. ಟೈರಿನ ಸದ್ದು ಹಾಗೆ ಬದಲಾಗುವುದಿಲ್ಲವೆಂಬುದು ಆಗ ಹೊಳೆಯಲಿಲ್ಲ. ಸಂಜೆಯ ಹೊತ್ತಿಗೆ ಅದು ಕಲ್ಲು ಅರೆಯುವ ಸದ್ದಾಗಿತ್ತು.

ಗ್ಯಾರೇಜಿನಲ್ಲಿ ಕೆಲವು ದಿನ ನಿಂತಿದ್ದ ಗಾಡಿಯ ಮುಂದಿನ ಡಿಫರೆನ್ಷಿಯಲ್‌ನ ಡ್ರೇನ್ ಪ್ಲಗ್ ಬಿಚ್ಚಿದಾಗ ಮೊದಲು ಬಂದದ್ದು ಎಣ್ಣೆಯಲ್ಲ, ಒಂದು ಎಳೆ ಕಂದು ನೀರು. ಅದರ ಹಿಂದೆ ಹಾಲು ಕದಡಿದಂತಹ ಬೂದು ಬಣ್ಣದ ಮಂದ ದ್ರವ ಇಳಿಯಿತು. ಬೇರಿಂಗಿನ ಹೊರಗಿನ ಉಂಗುರದಲ್ಲಿ ರೋಲರುಗಳ ನಡುವಿನ ಅಂತರಕ್ಕೆ ಸರಿಯಾಗಿ ಸಾಲಾಗಿ ತುಕ್ಕಿನ ಗೆರೆಗಳು ಮೂಡಿದ್ದವು. ಒಳಗೆ ನೀರು ಸೇರಿದ ಗಾಡಿ ಬಹಳ ಕಾಲ ನಿಂತಲ್ಲೇ ನಿಂತಿತ್ತೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ. ಡಿಫರೆನ್ಷಿಯಲ್ಲಿನ ಹಲ್ಲಿನ ಚಕ್ರಗಳಾದ ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಹೊಂದಿಸಿದ ಜೋಡಿಯಾದ್ದರಿಂದ ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕು. ಎಲ್ಲ ಸೇರಿ, ಗಾಡಿಗೆ ಕೊಟ್ಟ ಬೆಲೆಯ ಐದನೆಯ ಒಂದು ಭಾಗ ಅಲ್ಲಿಯೇ ಕರಗಿತು.

ನೀರು ಒಳಗೆ ಹೋದದ್ದು ಬ್ರೀದರ್ ನಳಿಕೆಯಿಂದಾಗಿ. ಓಡಿ ಬಿಸಿಯಾದ ಆಕ್ಸಲಿನೊಳಗಿನ ಗಾಳಿ ಹಿಗ್ಗಿ ಈ ನಳಿಕೆಯಿಂದ ಹೊರಹೋಗುತ್ತದೆ. ಅದೇ ಆಕ್ಸಲ್ ಹೊಳೆಯ ನೀರಿಗಿಳಿದು ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ನಳಿಕೆಯ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಗಾಳಿ ಒಳಬರುತ್ತದೆ. ಅದು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಆಯಿಲ್ ಸೀಲುಗಳ ಅಂಚಿನಿಂದ ನೀರು ನುಗ್ಗುತ್ತದೆ. ನನ್ನ ಗಾಡಿಯ ರಬ್ಬರ್ ನಳಿಕೆ ಅರ್ಧಕ್ಕೆ ತುಂಡಾಗಿ, ಬಾಯಿಯಲ್ಲಿ ಒಣಗಿದ ಕೆಸರು ಬಿರಡೆಯಂತೆ ಕುಳಿತಿತ್ತು. ಬಗ್ಗಿ ನೋಡಿದ್ದರೆ ಕಾಣುತ್ತಿತ್ತು.

ಆದ್ದರಿಂದ ಕಿಲೋಮೀಟರ್ ಎಷ್ಟಿರಬೇಕು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಷ್ಟದ ಹಾದಿಗೆಂದು ಇರುವ ನಿಧಾನದ ಗೇರ್ ವ್ಯವಸ್ಥೆಯಾದ ಲೋ ರೇಂಜ್‌ನಲ್ಲಿ ಅದೇ ಗೇರಿನಲ್ಲಿ ಅಷ್ಟೇ ದೂರ ಸಾಗಲು ಎಂಜಿನ್ ಸಾಮಾನ್ಯವಾಗಿ ಎರಡು ಪಟ್ಟಿಗೂ ಹೆಚ್ಚು ಸುತ್ತು ತಿರುಗುತ್ತದೆ. ಮೀಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲದೆ 29 ಇಂಚಿನ ಟೈರುಗಳ ಜಾಗದಲ್ಲಿ 32 ಇಂಚಿನವನ್ನು ಹಾಕಿ ಮೀಟರನ್ನು ಸರಿಹೊಂದಿಸದೆ ಬಿಟ್ಟರೆ, 100 ಕಿಲೋಮೀಟರ್ ತೋರಿಸುವಾಗ ಗಾಡಿ ನಿಜಕ್ಕೂ ಸುಮಾರು 110 ಕಿಲೋಮೀಟರ್ ಓಡಿರುತ್ತದೆ. ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಲೇ ಎಂದೂ ಕೇಳಿದ್ದೀರಿ. ರಸ್ತೆಯ ಕಾರುಗಳನ್ನಷ್ಟೇ ಬಲ್ಲವರಾದರೆ ಅವರೂ ನನ್ನಂತೆಯೇ ಎಂಜಿನ್ನಿಗೆ ಕಿವಿಗೊಟ್ಟು ತಲೆಯಾಡಿಸಿ ಬರುತ್ತಾರೆ. ಅದಕ್ಕಿಂತ ಸರಿಯಾದ ಅಳತೆಯ ಒಂದು ಸ್ಪ್ಯಾನರ್ ಒಯ್ಯಿರಿ.

ಎರಡೂ ಡಿಫರೆನ್ಷಿಯಲ್‌ಗಳ ಮತ್ತು ಟ್ರಾನ್ಸ್‌ಫರ್ ಕೇಸಿನ ಫಿಲ್ಲರ್ ಪ್ಲಗ್ (ಎಣ್ಣೆ ತುಂಬುವ ರಂಧ್ರದ ಬಿರಡೆ) ಬಿಚ್ಚಿಸಿ, ಕಿರುಬೆರಳನ್ನು ಒಳಗೆ ಬಾಗಿಸಿ ಎಣ್ಣೆಯನ್ನು ಮುಟ್ಟಿ ನೋಡಿ. ಮುಂದೆ ಎಂದಾದರೂ ಎಣ್ಣೆ ಬದಲಿಸುವಾಗಲೂ ಫಿಲ್ಲರ್ ಪ್ಲಗ್ಗೇ ಮೊದಲು, ಡ್ರೇನ್ ಪ್ಲಗ್ ಆಮೇಲೆ. ಎಣ್ಣೆ ಖಾಲಿ ಮಾಡಿದ ಮೇಲೆ ತುಂಬುವ ದಾರಿಯೇ ಬಿಗಿದುಕೊಂಡಿದ್ದರೆ ಗಾಡಿ ಅಲ್ಲಿಂದ ಕದಲುವುದಿಲ್ಲ. ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ನುಣುಪಾದ ಬೂದು ಲೇಪ ಸಹಜವಾದ ಸವೆತ, ಬೆರಳಿಗೆ ಚುಚ್ಚುವ ಚೂರುಗಳು ಸಹಜವಲ್ಲ. ಪ್ಲಗ್ ಬಿಚ್ಚಲು ಒಪ್ಪದ ಮಾರಾಟಗಾರರ ಜೊತೆ ವಾದಿಸಬೇಡಿ, ಹಿಂದಿರುಗಿ ಬನ್ನಿ.

ಚಾಸಿಸ್‌ಗೆ ಹೊಸದಾಗಿ ಬಳಿದ ಕಪ್ಪು ಬಣ್ಣವನ್ನು ನಾನು ಅಲಂಕಾರವೆಂದು ನೋಡುವುದಿಲ್ಲ, ಕೆಳಗೆ ತುಕ್ಕು ಅಡಗಿದೆಯೇ ಎಂದು ಸಣ್ಣ ಸುತ್ತಿಗೆಯಿಂದ ತಟ್ಟುತ್ತೇನೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತೇನೆ, ಏಕೆಂದರೆ ನೀರು ನುಗ್ಗಿದ ಗಾಡಿಯ ನೆಲಹಾಸನ್ನು ತೊಳೆದವರು ಬೆಲ್ಟಿನ ಒಳತುದಿಯ ಕೆಸರಿನ ಕಲೆಯನ್ನು ಮರೆತಿರುತ್ತಾರೆ.

ಎಲ್ಲ ಎಣ್ಣೆಗಳನ್ನೂ ಈಚೆಗಷ್ಟೇ ಬದಲಿಸಲಾಗಿದೆ ಎಂದು ಮಾರುವವರು ಹೇಳಿದ್ದನ್ನು ನೀವು ಸಮಾಧಾನದ ವಿಷಯವೆಂಬಂತೆ ಬರೆದಿದ್ದೀರಿ. ನನಗೆ ಅದೇ ಅನುಮಾನ ಹುಟ್ಟಿಸುತ್ತದೆ. ನಿಮ್ಮದೂ ಹಬ್ ಇರುವ ಗಾಡಿಯಾದರೆ, ಹಬ್‌ಗಳನ್ನು ಲಾಕ್ ಮಾಡಿ, ಲಿವರನ್ನು ಟೂ-ವೀಲ್‌ನಲ್ಲಿಯೇ ಇಟ್ಟು ಡಾಂಬರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ. ಆಗ ಮುಂದಿನ ಡಿಫರೆನ್ಷಿಯಲ್ ಪೂರ್ತಿ ತಿರುಗುತ್ತದೆ, ಆದರೆ ಎಂಜಿನ್ನಿನ ಬಲ ಅದಕ್ಕೆ ಹೋಗದ ಕಾರಣ ಏನೂ ಬಿಗಿದುಕೊಳ್ಳುವುದಿಲ್ಲ. ಫೋರ್-ವೀಲ್ ಹಾಕುವುದು ಸಡಿಲ ಮಣ್ಣಿನ ಮೇಲೆ ಮಾತ್ರ. ಮುಂದಿನ ಮತ್ತು ಹಿಂದಿನ ಆಕ್ಸಲುಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇಲ್ಲದ ಗಾಡಿ ಒಣ ಡಾಂಬರಿನಲ್ಲಿ ತಿರುವು ತೆಗೆದುಕೊಂಡರೆ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದರ ವಿರುದ್ಧ ಒಂದು ಸೆಣಸಿ ಬಿಗಿದುಕೊಳ್ಳುತ್ತವೆ. ಮಣ್ಣಿನಲ್ಲಿ ಹೈ ಮತ್ತು ಲೋ ಎರಡನ್ನೂ ಹಾಕಿ, ಆಕ್ಸಿಲರೇಟರ್ ಒತ್ತಿ, ಬಿಟ್ಟು, ರಿವರ್ಸಿನಲ್ಲಿಯೂ ಓಡಿಸಿ ಕೇಳಿದ ಮೇಲೆ ಗಾಡಿ ನಿಲ್ಲಿಸಿ ಆ ಮುಂದಿನ ಫಿಲ್ಲರ್ ಪ್ಲಗ್ಗನ್ನು ಇನ್ನೊಮ್ಮೆ ಬಿಚ್ಚಿಸಿ. ಹೊಸ ಎಣ್ಣೆಯ ತಳದಲ್ಲಿ ಹಳೆಯ ನೀರು ಉಳಿದಿದ್ದರೆ ಅಷ್ಟು ಹೊತ್ತಿಗೆ ಅದು ಕದಡಿ ಬಣ್ಣ ತೋರಿಸಿರುತ್ತದೆ.