ಬೆಲ್ಲ ಆರುವಾಗ ಇಳಿಯುವುದು ಯಾವುದು?

ಮಂಡ್ಯದ ಮಿತ್ರರೆ,

ಕ್ವಾಂಟಂ ವ್ಯವಸ್ಥೆಗಳು ಸಮತೋಲಕ್ಕೆ ಬರುವ ಬಗೆಯ ಮೇಲೆ ನೀವು ಕಳಿಸಿದ ಹದಿನಾಲ್ಕು ಪುಟಗಳನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಅಚ್ಚು ಹಾಕಲಾರೆ. ಬೇಸರ ಬೇಡ, ಕೈಬಿಡುವ ಲೇಖನಕ್ಕೆ ನಾನು ಇಷ್ಟುದ್ದ ಕಾಗದ ಬರೆಯುವುದಿಲ್ಲ.

ಮೊದಲ ಮೂರು ಪುಟ ತೆಗೆದುಬಿಡಿ. ಬ್ರಹ್ಮಾಂಡ, ಉಪನಿಷತ್ತು, ವಿಯೆನ್ನಾದಲ್ಲಿರುವ ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಸಮಾಧಿ ಎಲ್ಲ ಬಂದುಹೋಗುತ್ತವೆ, ಕ್ವಾಂಟಂ ಮಾಹಿತಿಯ ಅತಿ ಚಿಕ್ಕ ಘಟಕವಾದ ಕ್ಯೂಬಿಟ್ ಮಾತ್ರ ತಲೆಹಾಕುವುದಿಲ್ಲ. ನಾಲ್ಕನೇ ಪುಟದಲ್ಲಿ ನಿಮ್ಮೂರಿನ ಆಲೆಮನೆ, ಅಚ್ಚಿನಲ್ಲಿ ಆರುತ್ತಿರುವ ಬೆಲ್ಲ ಬರುತ್ತದಲ್ಲ, ಶುರುವಾಗಬೇಕಾದ್ದು ಅಲ್ಲಿಂದ.

ತೊಡಕಿರುವುದೂ ಅಲ್ಲೇ. ‘ಸಮತೋಲದತ್ತ ಸಾಗುವ ಯಾವುದೇ ವ್ಯವಸ್ಥೆಯ ಎಂಟ್ರೊಪಿ ಏರುತ್ತಲೇ ಇರುತ್ತದೆ’ ಎಂದಿದ್ದೀರಿ. ಎಂಟ್ರೊಪಿ ಎಂದರೆ ವ್ಯವಸ್ಥೆ ಎಷ್ಟು ಕಲಸಿಹೋಗಿದೆ ಎಂಬುದರ ಅಳತೆ. ನಿಮ್ಮ ಬೆಲ್ಲವೇ ಇದನ್ನು ಸುಳ್ಳು ಮಾಡುತ್ತದೆ. ಆರುವ ಬೆಲ್ಲ ಶಾಖ ಬಿಟ್ಟುಕೊಡುತ್ತದೆ, ಅದರ ಎಂಟ್ರೊಪಿ ಇಳಿಯುತ್ತದೆ; ಏರುವುದು ಬೆಲ್ಲ, ಗಾಳಿ ಎರಡೂ ಸೇರಿದ ಮೊತ್ತ. ಕ್ಯೂಬಿಟ್ಟಿನದೂ ಇದೇ ಕಥೆ. ಹೊರಗಿನ ಸೋಂಕೇ ಇಲ್ಲದಿದ್ದರೆ ಅದರ ಫಾನ್ ನಾಯ್ಮನ್ ಎಂಟ್ರೊಪಿ, ಅಂದರೆ ಎಂಟ್ರೊಪಿಯ ಕ್ವಾಂಟಂ ರೂಪ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತಣ್ಣನೆಯ ಪರಿಸರದ ಜೊತೆ, ಹೊರಗಿನ ಸೋಂಕಿರುವ ಕ್ವಾಂಟಂ ವ್ಯವಸ್ಥೆ ಬದಲಾಗುವ ಬಗೆ ಹೇಳುವ 1976ರ ಲಿಂಡ್‌ಬ್ಲಾಡ್ ಸಮೀಕರಣದಂತೆ ನಡೆದರೆ ಇಳಿಯಲೂಬಹುದು.

ಆ ಸಮೀಕರಣದಡಿ ಎಂದೂ ಏರದಿರುವುದು ಬೇರೊಂದು: ಈಗಿನ ಸ್ಥಿತಿ ಸಮತೋಲ ಸ್ಥಿತಿಗಿಂತ ಎಷ್ಟು ಬೇರೆ ಎಂದು ಹೇಳುವ ಸಾಪೇಕ್ಷ ಎಂಟ್ರೊಪಿ, 1962ರಲ್ಲಿ ಉಮೆಗಾಕಿ ಕೊಟ್ಟದ್ದು. ಅದನ್ನು ಒಂಬತ್ತನೇ ಪುಟದಲ್ಲಿ ಒಂದೇ ಸಾಲಿಗೆ ಮುಗಿಸಿದ್ದೀರಿ. ಮದುಮಗನನ್ನು ಕೊನೇ ಪಂಕ್ತಿಯಲ್ಲಿ ಕೂರಿಸಿದ ಹಾಗಾಯಿತು.

ಇನ್ನು ಜ್ಯಾಮಿತಿ. ವ್ಯವಸ್ಥೆ ಸಮತೋಲದತ್ತ ‘ಅತಿ ಕಡಿದಾದ ಹಾದಿಯಲ್ಲಿ ಇಳಿಯುತ್ತದೆ’ ಎಂದಿದ್ದೀರಿ, ಸರಿ, ದೂರ ಅಳೆದದ್ದು ಯಾವುದರಲ್ಲಿ? ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಇಳಿದರೂ ಬಸ್ಸಲ್ಲಿ ಇಳಿದರೂ ಎತ್ತರ ಒಂದೇ, ದೂರ ಬೇರೆ. ದ್ರವ್ಯವನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಖರ್ಚನ್ನೇ ದೂರವೆಂದು ಹಿಡಿದರೆ ಶಾಖದ ಹರಡುವಿಕೆಯೇ ಆ ಕಡಿದಾದ ಇಳಿಜಾರು ಎಂದು 1998ರಲ್ಲಿ ಜೋರ್ಡನ್, ಕಿಂಡರ್‌ಲೆರರ್, ಒಟ್ಟೊ ತೋರಿಸಿದರು. ಕ್ವಾಂಟಂನಲ್ಲಿ ಸ್ಥಿತಿಯೆಂದರೆ ಮ್ಯಾಟ್ರಿಕ್ಸ್, ಸಾಲು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಚೌಕ; ಗುಣಿಸುವ ಕ್ರಮ ಬದಲಾದರೆ ಉತ್ತರವೂ ಬದಲು. ಹಳೆಯ ಅಳತೆ ಒಗ್ಗುವುದಿಲ್ಲ. ಕಾರ್ಲೆನ್ ಮತ್ತು ಮಾಸ್ 2017ರ ಪ್ರಬಂಧದಲ್ಲಿ ಅದಕ್ಕೆ ತಕ್ಕ ದೂರ ಕಟ್ಟಿಕೊಟ್ಟದ್ದು ‘ವಿವರ ಸಮತೋಲ’ ಎಂಬ ಷರತ್ತಿನ ಮೇಲೆ, ಅಂದರೆ ಸಮತೋಲದಲ್ಲಿ ಪ್ರತಿಯೊಂದು ಬದಲಾವಣೆಗೂ ಅದರ ತಿರುಗುಮುರುಗಾದದ್ದು ಸರಿದೂಗಬೇಕು. ನೀವು ಷರತ್ತನ್ನೇ ನುಂಗಿದ್ದೀರಿ.

ಇದೆಲ್ಲ ಯಾಕೆ ಬೇಕು ಎಂದು ಓದುಗರು ಕೇಳುತ್ತಾರೆ, ಕೇಳಬೇಕು. ಒಂದು ಲೆಕ್ಕ ಹಾಕಿ ತೋರಿಸಿ. ಗದ್ದಲಕ್ಕೆ ಸಿಕ್ಕ 100 ಕ್ಯೂಬಿಟ್‌ಗಳು ಪೂರ್ತಿ ಕಲಸಿಹೋಗುವ ಸ್ಥಿತಿಗೆ ಸಾಗುತ್ತಿವೆ ಎನ್ನಿ. ಸಮತೋಲದಿಂದಿರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ ಅಳೆಯುವ ಹಳೆಯ ಕ್ರಮದಲ್ಲಿ ಆರಂಭದ ಅಂತರ 31 ಅಂಕಿಗಳ ಸಂಖ್ಯೆಯಾಗಬಹುದು. ಸಾಪೇಕ್ಷ ಎಂಟ್ರೊಪಿಯಲ್ಲಿ 70 ದಾಟುವುದಿಲ್ಲ. ಎರಡೂ ಒಂದೇ ದರದಲ್ಲಿ ಕುಗ್ಗುವುದಾದರೆ ಮೊದಲಿನದು ಹೇಳುವ ಕಾಲ ಕ್ಯೂಬಿಟ್‌ಗಳ ಸಂಖ್ಯೆಯಂತೆ ಬೆಳೆಯುತ್ತದೆ, ಎರಡನೆಯದು ಆ ಸಂಖ್ಯೆಯ ಲಾಗರಿದಮ್ಮಿನಂತೆ, ಅಂದರೆ ತೀರ ನಿಧಾನವಾಗಿ. ನನಗಂತೂ ಇಡೀ ವಿಷಯದ ರುಚಿ ಇಲ್ಲೇ ಸಿಕ್ಕಿದ್ದು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಆರು ಪುಟ ಸಾಕು. ಮೈಸೂರಿಗೆ ಬಂದಾಗ ಕೈಯಲ್ಲೇ ತನ್ನಿ, ಕೂತು ನೋಡೋಣ. ಪಾಕವನ್ನು ನೀರಿಗೆ ಬಿಟ್ಟು ಉಂಡೆ ಕಟ್ಟಿ ಹದ ನೋಡುವ ಸಾಲಿಗೆ ಮಾತ್ರ ಕೈ ಹಾಕಬೇಡಿ.

ನಿಮ್ಮ,
ಸಂಪಾದಕ