ಗಾಡಿ ಹೆಸರು ಸಾಲದು, ನಂಬರ್ ಹೇಳಿ

ವಾಹನ ಪ್ರಶ್ನೋತ್ತರ: ಹಳೆ ಕಾರು, ಕಡಿಮೆ ಖರ್ಚಿನ ಬಿಡಿಭಾಗ

ಪ್ರಶ್ನೆ: 2005ರ ಮಾರುತಿ 800 ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಕ್ಲಚ್ ಜಾರುತ್ತಿದೆ. ದಾವಣಗೆರೆಯಲ್ಲಿ ಒಂದು ಅಂಗಡಿಯವರು ಹೇಳಿದ ರೇಟು ಇನ್ನೊಂದು ಅಂಗಡಿಯ ರೇಟಿನ ಎರಡರಷ್ಟಿದೆ. ಇಬ್ಬರೂ 'ಒರಿಜಿನಲ್' ಅಂತಲೇ ಹೇಳ್ತಾರೆ. ಯಾರನ್ನು ನಂಬಲಿ? (ಓದುಗರು, ಹರಿಹರ)

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲದೆ ಇರಬಹುದು. ಕೌಂಟರಿನ ಭಾಷೆಯಲ್ಲಿ 'ಒರಿಜಿನಲ್' ಅಂದರೆ ಎರಡು ಬಗೆಯ ಮಾಲು. ಒಂದು, ಮಾರುತಿಯದೇ ಡಬ್ಬಿಯಲ್ಲಿ ಎಂಜಿಪಿ (ಮಾರುತಿ ಜೆನ್ಯೂಯಿನ್ ಪಾರ್ಟ್ಸ್) ಗುರುತಿನೊಂದಿಗೆ ಬರುವುದು. ಇನ್ನೊಂದು, ಕಾರು ಕಂಪನಿಗಳಿಗೆ ಭಾಗ ಮಾಡಿಕೊಡುವ ತಯಾರಕರು ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುವುದು. ಕ್ಲಚ್‌ಗೆ ವ್ಯಾಲಿಯೋ, ಲುಕ್, ಎಕ್ಸೆಡಿ, ಸ್ಟಾರ್ಟರ್, ಆಲ್ಟರ್ನೇಟರ್‌ಗೆ ಲೂಕಾಸ್ ಟಿವಿಎಸ್, ಶಾಕ್ ಅಬ್ಸಾರ್ಬರ್‌ಗೆ ಗೇಬ್ರಿಯಲ್, ಬ್ರೇಕ್ ಲೈನಿಂಗ್‌ಗೆ ರಾಣೆ, ಲ್ಯಾಂಪಿಗೆ ಲುಮ್ಯಾಕ್ಸ್. ದುಡ್ಡು ಉಳಿಸಬೇಕೆನ್ನುವವರು ಕೇಳಬೇಕಾದ್ದು ಈ ಎರಡನೆಯದನ್ನು. ಇವೆರಡೂ ಅಲ್ಲದ, ಡಬ್ಬಿ ಮಾತ್ರ ಹಾಗೇ ಕಾಣುವ ಮಾಲೂ ಉಂಟು. ಅದು ಎಷ್ಟು ಅಗ್ಗಕ್ಕೆ ಸಿಕ್ಕರೂ ಕ್ಲಚ್‌ಗೆ ಬೇಡ.

ಡಬ್ಬಿಯ ಮೇಲೆ ಎಂಆರ್‌ಪಿ, ಪ್ಯಾಕ್ ಆದ ತಿಂಗಳು, ತಯಾರಕರ ವಿಳಾಸ, ಪಾರ್ಟ್ ನಂಬರ್ ಇರಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಅದಕ್ಕೆ ಮುಂಚೆ ಹೆಚ್ಚಿನವಕ್ಕೆ ಶೇ. 28 ಇತ್ತು. ಹಳೆ ಎಂಆರ್‌ಪಿಯ ಡಬ್ಬಿ ಕೊಟ್ಟರೆ ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ನೋಡಿ.

ಅಂಗಡಿಗೆ ಹೋಗಿ 'ಮಾರುತಿ 800 ಕ್ಲಚ್ ಕೊಡಿ' ಎಂದಷ್ಟೇ ಹೇಳಬೇಡಿ. 800ರಲ್ಲೇ ಕಾರ್ಬೊರೇಟರ್ ಇದ್ದದ್ದು, ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಆದದ್ದು, ನಾಲ್ಕು ಗೇರಿನದು, ಕೆಲ ಕಾಲ ಬಂದ ಐದು ಗೇರಿನ 12 ವಾಲ್ವ್‌ನದು ಎಂದೆಲ್ಲ ಇವೆ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರನ್ನು (ಮಾರುತಿಯದು ಎಂಎ3 ಎಂದು ಶುರುವಾಗುತ್ತದೆ, ಹ್ಯುಂಡೈದು ಎಂಎಎಲ್, ಟಾಟಾದ್ದು ಎಂಎಟಿ) ಕಂಪನಿ ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ತೆಗೆದು ಹೇಳುತ್ತಾರೆ. ಅಲ್ಲಿ ರೇಟು ಕೇಳಿ ಬರೆದುಕೊಂಡು, ಆಮೇಲೆ ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಅದೇ ನಂಬರಿಗೆ ಹೊಂದುವ ವ್ಯಾಲಿಯೋ ಅಥವಾ ಎಕ್ಸೆಡಿ ಕೇಳಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ಪಾರ್ಸೆಲ್ ತರಿಸಬಹುದು. ಅದಕ್ಕೂ ನಂಬರೇ ಬೇಕು, ಫೋನಿನಲ್ಲಿ ಆಕಾರ ವರ್ಣಿಸಿ ತರಿಸಿದ ಮಾಲು ವಾಪಸ್ ಹೋಗುವುದೇ ಹೆಚ್ಚು.

ಅಂದ ಹಾಗೆ, ಕ್ಲಚ್ ನಿಜವಾಗಿ ಸವೆದಿದೆಯೇ? ಈ ಗಾಡಿಯ ಕ್ಲಚ್ ಕೇಬಲ್‌ನಿಂದ ಕೆಲಸ ಮಾಡುತ್ತದೆ. ಪೆಡಲನ್ನು ಬೆರಳಿನಿಂದ ಒತ್ತಿದಾಗ ಬಿಗಿಯಾಗುವ ಮುಂಚೆ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ಸಡಿಲ ಇರಬೇಕು. ಅದಿಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತೆಯೇ ಇದ್ದು ಜಾರುತ್ತದೆ. ಕೇಬಲ್ ನಟ್ ಸಡಿಲಿಸಿದರೆ ಕೆಲವೊಮ್ಮೆ ಅಲ್ಲಿಗೇ ಸರಿಹೋಗುತ್ತದೆ. ಹೋಗದಿದ್ದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ. ಕೂಲಿ ಇರುವುದು ಗೇರ್‌ಬಾಕ್ಸ್ ಇಳಿಸುವುದಕ್ಕೆ. ಬೇರಿಂಗ್ ದುಡ್ಡು ಉಳಿಸಲು ಹೋಗಿ ಆ ಕೂಲಿಯನ್ನೇ ಎರಡನೇ ಸಲ ಕೊಡುವವರು ಬಹಳ ಮಂದಿ. ಇಳಿಸಿದಾಗ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ನೋಡಿ. ಅದು ಜಿನುಗುತ್ತಿದ್ದರೆ ಹೊಸ ಪ್ಲೇಟಿಗೆ ಎಣ್ಣೆ ತಾಗಿ ತಿಂಗಳೊಪ್ಪತ್ತಿನಲ್ಲೇ ಮತ್ತೆ ಜಾರುತ್ತದೆ.

ಪ್ರಶ್ನೆ: ಸ್ಯಾಂಟ್ರೋ ಜಿಂಗ್‌ಗೆ ಎಡಗಡೆ ಬಾಗಿಲು, ಹೆಡ್‌ಲೈಟ್, ಸ್ಟಾರ್ಟರ್ ಬೇಕಾಗಿದೆ. ಗುಜರಿಯಲ್ಲಿ ತಗೊಂಡರೆ ಪರವಾಗಿಲ್ಲವಾ? ಯಾವುದನ್ನು ಗುಜರಿಯಲ್ಲಿ ತಗೋಬಾರದು? (ಓದುಗರು, ಚನ್ನಗಿರಿ)

ಉತ್ತರ: ನೀವು ಹೇಳಿದ ಮೂರೂ ಗುಜರಿಯಲ್ಲೇ ತಗೊಳ್ಳಬೇಕಾದ ಭಾಗಗಳು. ಬಾಗಿಲಿಗೆ ಹೊಸ ಪ್ಯಾನಲ್ ಹಾಕಿಸಿದರೆ ಪೇಂಟು, ಗ್ಲಾಸು, ಲಾಕು ಎಲ್ಲ ಬೇರೆ ಖರ್ಚು. ಗುಜರಿಯಲ್ಲಿ ಗ್ಲಾಸು, ಅದನ್ನು ಏರಿಸಿ ಇಳಿಸುವ ವೈಂಡಿಂಗ್ ಸಮೇತ ಸಿಗುತ್ತದೆ. ಬಾಗಿಲಿನ ಕೆಳ ಅಂಚಿನ ಒಳಮೈ ನೋಡಿ, ತುಕ್ಕು ಶುರುವಾಗುವುದೇ ಅಲ್ಲಿ, ನೀರು ಇಳಿದುಹೋಗುವ ತೂತು ಮುಚ್ಚಿಕೊಂಡಾಗ. ಸಣ್ಣ ಅಯಸ್ಕಾಂತ ಒಯ್ದು ಮೈಗೆ ಆಡಿಸಿ. ಹಿಡಿಯದ ಕಡೆ ಪುಟ್ಟಿ ತುಂಬಿದ್ದಾರೆ ಎಂದರ್ಥ. ಹೆಡ್‌ಲೈಟಿನಲ್ಲಿ ಗಾಜಿನಂಥ ಮುಖ ಹಳದಿಯಾಗಿದ್ದರೆ ಪಾಲಿಶ್ ಮಾಡಬಹುದು, ಹಿಂದಿನ, ಲೈಟನ್ನು ಕೂರಿಸುವ ಕಿವಿಗಳು ಮುರಿದಿದ್ದರೆ ಮಾತ್ರ ಬೇಡ. ಹಳೆ ಸ್ಯಾಂಟ್ರೋದ ಲೈಟು ಜಿಂಗ್‌ಗೆ ಕೂರುವುದಿಲ್ಲ. ಸ್ಟಾರ್ಟರನ್ನು ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ತಿರುಗಿಸಿ ತೋರಿಸಲು ಹೇಳಿ. ಪಿನಿಯನ್ (ತುದಿಯ ಹಲ್ಲುಚಕ್ರ) ಮುಂದಕ್ಕೆ ಚಿಮ್ಮಬೇಕು, ಹಲ್ಲು ಸವೆದಿರಬಾರದು.

ಸೀಟು, ಡ್ಯಾಶ್‌ಬೋರ್ಡ್, ಬಂಪರ್, ಸೈಡ್ ಮಿರರ್, ಗೇರ್‌ಬಾಕ್ಸ್, ಸ್ಟೀಲ್ ಡಿಸ್ಕ್ (ಚಕ್ರದ ರಿಮ್) ಇವೂ ಗುಜರಿಯಲ್ಲಿ ಲಾಭ. ಇಸಿಎಂ ಎಂಬ ಕಂಪ್ಯೂಟರ್ ಪೆಟ್ಟಿಗೆ ತಗೊಳ್ಳುವಾಗ ಎಚ್ಚರ. ಇಮ್ಮೊಬಿಲೈಸರ್ ಇರುವ ಗಾಡಿಯಲ್ಲಿ ಅದು ಹಳೆ ಗಾಡಿಯ ಕೀಗೆ ಬಂಧವಾಗಿರುತ್ತದೆ, ನಿಮ್ಮ ಕೀಗೆ ಎಂಜಿನ್ ಏಳುವುದಿಲ್ಲ.

ಬ್ರೇಕ್ ಪ್ಯಾಡ್, ಲೈನಿಂಗ್, ಮಾಸ್ಟರ್ ಮತ್ತು ವೀಲ್ ಸಿಲಿಂಡರ್, ಬ್ರೇಕ್ ಹೋಸ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಟೈಮಿಂಗ್ ಬೆಲ್ಟ್, ಯಾವುದೇ ರಬ್ಬರು: ಇವನ್ನು ಗುಜರಿಯಲ್ಲಿ ಪುಕ್ಕಟೆ ಕೊಟ್ಟರೂ ಬೇಡ. ವೀಲ್ ಸಿಲಿಂಡರ್ ಸೋರುತ್ತಿದ್ದರೆ ಮೊದಲು ಬಿಚ್ಚಿ ಒಳಗೋಡೆಯನ್ನು ಬೆರಳಲ್ಲಿ ಸವರಿ. ನುಣುಪಾಗಿದ್ದರೆ ರಬ್ಬರ್ ಕಿಟ್ ಹಾಕಿದರೆ ಸಾಕು. ಉಗುರಿಗೆ ಗುಳಿ ಸಿಕ್ಕಿದರೆ ಸಿಲಿಂಡರೇ ಹೊಸದು ಬೇಕು, ಕಿಟ್ ಮತ್ತೆ ಹರಿಯುತ್ತದೆ.

ಗುಜರಿಯವರಿಂದಲೂ ಬಿಲ್ ಕೇಳಿ. ಕದ್ದ ಗಾಡಿಯ ಭಾಗ ಎಂದು ನಾಳೆ ಪ್ರಶ್ನೆ ಬಂದರೆ ಕೈಯಲ್ಲಿ ಇರಬೇಕಾದ್ದು ಅದೇ.

ಪ್ರಶ್ನೆ: 2009ರ ಆಲ್ಟೊ. ಬೇಸಿಗೆಯಲ್ಲಿ ಚಿತ್ರದುರ್ಗಕ್ಕೆ ಹೋಗುವಷ್ಟರಲ್ಲಿ ಹೀಟ್ ಆಗುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದರು. ಈಗ ಹೀಟ್ ಕಡಿಮೆ, ಆದರೆ ಮೈಲೇಜು ಬಿದ್ದಿದೆ. ರೇಡಿಯೇಟರ್ ಬದಲಿಸಬೇಕು ಅಂತಾರೆ. (ಓದುಗರು, ಚಳ್ಳಕೆರೆ)

ಉತ್ತರ: ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ವಾಪಸ್ ಹಾಕಿಸಿ. ಅದಿಲ್ಲದೆ ಎಂಜಿನ್ ತನ್ನ ಕೆಲಸದ ಶಾಖಕ್ಕೆ ಬೇಗ ಬರುವುದಿಲ್ಲ. ಎಂಜಿನ್ ತಣ್ಣಗಿದೆ ಎಂದು ತಿಳಿದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಮೈಲೇಜು ಹೋದದ್ದು ಹಾಗೆ. ಹಳೆಯದು ಸರಿಯಿದೆಯೇ ಎಂದು ಮನೆಯಲ್ಲೇ ನೋಡಬಹುದು: ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಯ ಸುಮಾರಿಗೆ ಬಾಯಿ ಬಿಡಬೇಕು, ತಣ್ಣಗಾದಾಗ ಮುಚ್ಚಬೇಕು.

ಅಗ್ಗದ್ದರಿಂದ ಶುರುಮಾಡಿ. ಮೊದಲು ರೇಡಿಯೇಟರ್ ಮುಚ್ಚಳ. ಅದರ ಸ್ಪ್ರಿಂಗ್ ಸತ್ತರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಹಳೆಯದರ ಮೇಲೆ ಒತ್ತಡದ ಅಂಕಿ 0.9 ಅಂತಿದ್ದರೆ ಹೊಸದೂ 0.9 ಇರಲಿ, 'ಗಟ್ಟಿ ಇದೆ' ಎಂದು 1.1 ಕೊಟ್ಟರೆ ಬೇಡ, ಹಳೆ ಹೋಸುಗಳು ತಡೆಯುವುದಿಲ್ಲ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ. ಎರಡನೆಯದು ಫ್ಯಾನ್: ಅದರ ಸಾಕೆಟ್ ಬಿಡಿಸಿ ನೇರ ಬ್ಯಾಟರಿಗೆ ಕೊಡಿ. ತಿರುಗಿದರೆ ಮೋಟಾರು ಚೆನ್ನಾಗಿದೆ, ತಪ್ಪು ರಿಲೇ, ಫ್ಯೂಸ್ ಅಥವಾ ಸೆನ್ಸರಿನದು. ಮೋಟಾರಿನ ದುಡ್ಡು ಉಳಿಯಿತು.

ಆಮೇಲೆ ರೇಡಿಯೇಟರ್. ನಿಮ್ಮ ಕಡೆಯ ಬೋರ್ ನೀರು ಗಡುಸು. ವರ್ಷಗಟ್ಟಲೆ ಅದನ್ನೇ ಹಾಕಿದರೆ ಒಳಗಿನ ಕೊಳವೆಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನಿನ ಸಾಕೆಟ್ ಬಿಡಿಸಿ, ರೇಡಿಯೇಟರ್ ಮುಖಕ್ಕೆ ಅಂಗೈ ಹತ್ತಿರ ಹಿಡಿದು ಸರಿಸಿ. ಅಲ್ಲಲ್ಲಿ ತಣ್ಣಗಿದ್ದರೆ ಆ ಭಾಗ ಕಟ್ಟಿದೆ. ಸ್ವಲ್ಪವಾದರೆ ಫ್ಲಶ್ ಮಾಡಿಸಿ, ಅರ್ಧಕ್ಕರ್ಧ ಕಟ್ಟಿದ್ದರೆ ಮಾತ್ರ ಬದಲಿಸಿ. ತುಂಬಿಸುವಾಗ ನೇರ ಹಾಕುವ ಪ್ರೀಮಿಕ್ಸ್ ಕೂಲಂಟ್, ಇಲ್ಲವೇ ಶೇ. 30ರಿಂದ 50 ಗಟ್ಟಿ ಕೂಲಂಟ್ ಮತ್ತು ಉಳಿದದ್ದು ಡಿಸ್ಟಿಲ್ಡ್ ವಾಟರ್.

ಇಷ್ಟೆಲ್ಲ ಮಾಡಿಯೂ ನೀರು ಕಡಿಮೆಯಾಗುತ್ತಿದ್ದರೆ, ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಎಡೆಬಿಡದೆ ಬರುತ್ತಿದ್ದರೆ, ಎಣ್ಣೆ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪೊರೆ ಕಂಡರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಹೋಗಿರಬಹುದು. ಗ್ಯಾಸ್ಕೆಟ್ ಮಾತ್ರ ಬದಲಿಸಿ ಕೂರಿಸಿದರೆ ಕೆಲಸ ಕೆಡುತ್ತದೆ. ಹೆಡ್ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ನೋಡಬೇಕು, 0.05 ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್ (ಮೈ ಉಜ್ಜಿ ಸಮ ಮಾಡುವುದು) ಮಾಡಿಸಿ. ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಊರು ಹರಿಹರ, ಈ ಭಾಗದಲ್ಲಿ ಅಂಥ ಕೆಲಸಗಾರರಿಗೆ ಬರವಿಲ್ಲ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಅದು ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಪ್ರಶ್ನೆ: ಕಾರ್ಬೊರೇಟರ್ ಇರುವ ಹಳೆ ಓಮ್ನಿ. ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಕಾರ್ಬೊರೇಟರನ್ನೇ ಬದಲಿಸಬೇಕಾ? (ಓದುಗರು, ಹೊಸದುರ್ಗ)

ಉತ್ತರ: ಈಗಲೇ ಬೇಡ. ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಹಳೆ ಕಾಲದ ರಬ್ಬರ್ ಅದಕ್ಕೆ ಉಬ್ಬುತ್ತದೆ, ಬಿರಿಯುತ್ತದೆ. ಮೊದಲು ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಕಾರ್ಬೊರೇಟರಿಗೆ ಬರುವ ಹೋಸ್ ಪೂರ್ತಿ ಬದಲಿಸಿ. ಹಳೆ ತುಂಡೊಂದನ್ನು ಒಯ್ದು ಒಳವ್ಯಾಸ ಹೊಂದಿಸಿ ತಗೊಳ್ಳಿ, ಎಥೆನಾಲ್ ತಡೆಯುವಂಥದ್ದೇ ಕೇಳಿ. ಕೊನೆಗಳಿಗೆ ಸ್ಕ್ರೂ ಕ್ಲಿಪ್ ಹಾಕಿ, ಕಟ್ಟುಕಂಬಿ ಸುತ್ತಬೇಡಿ. ಎಂಪಿಎಫ್‌ಐ ಗಾಡಿಯವರಿಗೆ ಒಂದು ಮಾತು: ನಿಮ್ಮ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಈ ಹೋಸ್ ಅಲ್ಲಿಗೆ ನಡೆಯದು, ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದದ್ದು ಬೇಕು.

ಆಮೇಲೆ ಡಿಪ್‌ಸ್ಟಿಕ್ ಎಳೆದು ಮೂಸಿ. ಎಣ್ಣೆಗೆ ಪೆಟ್ರೋಲ್ ವಾಸನೆ ಇದ್ದು ಮಟ್ಟವೂ ಏರಿದ್ದರೆ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದು ಎಂಜಿನ್ ಒಳಗೆ ಸೋರುತ್ತಿದೆ. ಪಂಪ್ ಬದಲಿಸಿ, ಎಣ್ಣೆಯನ್ನೂ ಬದಲಿಸದೆ ಗಾಡಿ ಓಡಿಸಬೇಡಿ, ತೆಳುವಾದ ಎಣ್ಣೆ ಬೇರಿಂಗ್ ತಿನ್ನುತ್ತದೆ. ಕಾರ್ಬೊರೇಟರಿಗೆ ಗ್ಯಾಸ್ಕೆಟ್, ನೀಡಲ್ ವಾಲ್ವ್, ಡಯಾಫ್ರಮ್ ಇರುವ ರಿಪೇರಿ ಕಿಟ್ ಸಾಕು. ಜೆಟ್ಟುಗಳನ್ನು ಕ್ಲೀನರ್ ಮತ್ತು ಗಾಳಿಯಲ್ಲೇ ಶುಚಿ ಮಾಡಿಸಿ. ತಂತಿ ತೂರಿಸಿದರೆ ತೂತು ದೊಡ್ಡದಾಗಿ ಮೈಲೇಜು ಶಾಶ್ವತವಾಗಿ ಹೋಗುತ್ತದೆ.

ಪ್ರಶ್ನೆ: ಇಂಡಿಕಾ ವಿ2 ಡೀಸೆಲ್, ಕೆಎ-17 ನೋಂದಣಿ. ಎಂಜಿನ್ ಸೀಜ್ ಆಗಿದೆ. ಗುಜರಿ ಎಂಜಿನ್ ಕೂರಿಸಬಹುದಾ? (ಓದುಗರು, ಜಗಳೂರು)

ಉತ್ತರ: ಕೂರಿಸಬಹುದು, ಆದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು. ಎಂಜಿನ್ ಇಳಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಅನುಮತಿಯ ವಿಷಯ ಕೇಳಿ. ಬಿಲ್ಲಿನಲ್ಲಿ ಆ ಎಂಜಿನ್ ನಂಬರ್ ಬರೆದಿರಬೇಕು. ಆ ಎಂಜಿನ್ ಬಿಚ್ಚಿದ ಗಾಡಿಯ ಆರ್‌ಸಿ ಪ್ರತಿಯನ್ನೂ ಕೇಳಿ. ನಂಬರ್ ಉಜ್ಜಿದ ಎಂಜಿನ್ ಹತ್ತಿರ ಸುಳಿಯಬೇಡಿ. ಟರ್ಬೊ ಇರುವುದೋ ಇಲ್ಲದ್ದೋ ನಿಮ್ಮದಕ್ಕೆ ಹೊಂದಿಸಿ ನೋಡಿ. ಕೂರಿಸುವ ಮುಂಚೆ ಕಂಪ್ರೆಷನ್ ಅಳೆಸಿ, ಟೈಮಿಂಗ್ ಬೆಲ್ಟ್, ಟೆನ್ಷನರ್, ಮುಂದಿನ ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿಸಿ. ಡೀಸೆಲ್ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಗುಜರಿ ಎಂಜಿನ್‌ನ ಬೆಲ್ಟ್ ಎಷ್ಟು ಓಡಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಆಲ್ಟೊ ಟೈರ್ ಅಗ್ಗಕ್ಕೆ ಸಿಕ್ಕಿದೆ. ಮಾರುತಿ 800ಕ್ಕೆ ಹಾಕಬಹುದಾ? (ಓದುಗರು, ಹೊಳಲ್ಕೆರೆ)

ಉತ್ತರ: ಎರಡೂ 12 ಇಂಚಿನವೇ, ಡಿಸ್ಕಿಗೆ ಕೂರುತ್ತದೆ. ಆದರೆ 800ರ ಅಳತೆ 145/70, ಆಲ್ಟೊದ್ದು 145/80. ಟೈರ್ ಎತ್ತರ 29 ಮಿ.ಮೀ. ಹೆಚ್ಚುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜಬಹುದು, ಮೀಟರಿನಲ್ಲಿ 60 ಎಂದು ಕಂಡಾಗ ನೀವು 63 ದಾಟಿರುತ್ತೀರಿ. ಬೇಡ. ಸರಿಯಾದ ಅಳತೆಯದು ಅಗ್ಗಕ್ಕೆ ಸಿಕ್ಕರೂ ಪಕ್ಕೆಯಲ್ಲಿರುವ ನಾಲ್ಕಂಕಿ ಓದಿ: 1419 ಎಂದಿದ್ದರೆ 2019ರ 14ನೇ ವಾರದ್ದು. ಟೈರಿನ ಹೂವು (ಮೈಮೇಲಿನ ಗೀರುಗಳು) ಎಷ್ಟೇ ಆಳ ಇದ್ದರೂ ಅಷ್ಟು ಹಳೆಯದನ್ನು ಹೆದ್ದಾರಿಗೆ ಇಳಿಸಬೇಡಿ.