ಸಂಖ್ಯೆಗೂ ಸಿಮೆಟ್ರಿ ಇರುತ್ತಾ?

ಪ್ರಶ್ನೆ: ಸಿಮೆಟ್ರಿ ಅಂದ್ರೆ ಹಳೇಬೀಡಿನ ದೇವಸ್ಥಾನದ ಜಗತಿ ಥರ ಕಣ್ಣಿಗೆ ಕಾಣೋದು ಅಂದ್ಕೊಂಡಿದ್ದೆ. ಪೈ, ಲಾಗ್ 2 ಥರದ ಇಂಟಿಗ್ರಲ್‌ಗಳಿಗೂ ಸಿಮೆಟ್ರಿ ಇದೆ ಅಂತಾರಲ್ಲ ಸರ್, ಅದೆಂಥದು?
– ಎಂ.ಎಸ್ಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಪೆನ್ನು ಪೇಪರ್ ಹಿಡ್ಕೊಂಡೇ ಓದಿ. 1 + 1/8 + 1/27 ಅಂತ ಘನಗಳ ಮೇಲೆ 1 ಹಾಕಿ ಕೊನೆಯಿಲ್ಲದೆ ಕೂಡ್ತಾ ಹೋಗಿ, ಅದು ಝೀಟಾ(3). ಇನ್ನೊಂದು ಕಡೆ 2ರಿಂದ ಶುರು ಮಾಡಿ ಪ್ರತಿ ಎನ್‌ಗೂ 1 + 1/2 + ... + 1/(ಎನ್−1) ಕೂಡಿ, ಎನ್ ವರ್ಗದಿಂದ ಭಾಗಿಸಿ, ಬಂದಿದ್ದೆಲ್ಲ ಸೇರಿಸಿ. ನೋಡಕ್ಕೆ ಒಂದಕ್ಕೊಂದು ಸಂಬಂಧಾನೇ ಇಲ್ಲ, ಆದ್ರೆ ಎರಡೂ 1.202... ಅಂತ ಒಂದೇ ಸಂಖ್ಯೆ, ಗಣಿತಜ್ಞ ಆಯ್ಲರ್‌ಗೆ 18ನೇ ಶತಮಾನದಲ್ಲೇ ಗೊತ್ತಿತ್ತು.

ಯಾಕೆ ಒಂದೇ ಅನ್ನೋದು ಇಂಟಿಗ್ರಲ್ ಆಗಿ ಬರೆದ್ರೆ ಕಾಣುತ್ತೆ. 0 ಮತ್ತು 1ರ ಮಧ್ಯೆ ಎ < ಬಿ < ಸಿ ಅಂತ ಮೂರು ಚರ ಇಟ್ಕೊಳ್ಳಿ, 1/((1−ಎ)·ಬಿ·ಸಿ) ಇದರ ಇಂಟಿಗ್ರಲ್ಲೇ ಝೀಟಾ(3). ಈಗ ಮೂರನ್ನೂ 1ರಿಂದ ಕಳೀರಿ, 0 ಇದ್ದ ತುದಿ 1 ಆಗುತ್ತೆ, 1 ಇದ್ದಿದ್ದು 0 ಆಗುತ್ತೆ, ಚರಗಳ ಕ್ರಮ ಹಿಂದುಮುಂದಾಗುತ್ತೆ, ಹೊಸದಾಗಿ ಎ, ಬಿ, ಸಿ ಅಂತ ಹೆಸರಿಟ್ರೆ ಸಿಗೋದು 1/((1−ಎ)(1−ಬಿ)·ಸಿ), ಅದೇ ಆ ಎರಡನೇ ಮೊತ್ತ! ನನಗಂತೂ ಎಷ್ಟು ಸಲ ನೋಡಿದ್ರೂ ಇದು ಹಳೇದಾಗಲ್ಲ.

ಇಂಥ ಇಂಟಿಗ್ರಲ್‌ಗಳ ಬೆಲೆಗೆ ಪೀರಿಯಡ್ ಅಂತಾರೆ. ಎರಡು ಪೀರಿಯಡ್ ಸಮ ಆಗಿದ್ರೆ ಅದಕ್ಕೆ ಕಾರಣ ಕೂಡೋದು-ಒಡೆಯೋದು, ಚರ ಬದಲಾವಣೆ, ಸ್ಟೋಕ್ಸ್ ಸೂತ್ರ (ಒಳಗಿನ ಇಂಟಿಗ್ರಲ್ಲನ್ನ ಅಂಚಿನ ಇಂಟಿಗ್ರಲ್ ಆಗಿ ಬದಲಿಸೋದು) ಈ ಮೂರರಲ್ಲೇ ಸಿಗ್ಬೇಕು ಅಂತ 2001ರಲ್ಲಿ ಗಣಿತಜ್ಞರಾದ ಕಾಂಟ್ಸೆವಿಚ್, ಝಾಗಿಯರ್ ಊಹೆ ಮುಂದಿಟ್ರು, ಸಾಬೀತಾಗಿಲ್ಲ.

ನೀವು ಕೇಳಿದ ಸಿಮೆಟ್ರಿ ಇನ್ನೂ ಆಳದ್ದು. ರೂಟ್ 2 ಜಾಗಕ್ಕೆ ಮೈನಸ್ ರೂಟ್ 2 ಹಾಕಿದ್ರೆ ಭಾಗಲಬ್ಧ ಸಂಖ್ಯೆಗಳ ಸಮೀಕರಣಕ್ಕೆ ವ್ಯತ್ಯಾಸಾನೇ ಗೊತ್ತಾಗಲ್ಲ, ಅದು ಗಾಲ್ವಾ ಸಿಮೆಟ್ರಿ, ಹೀಗೆ ಒಂದರ ಜಾಗಕ್ಕೆ ಹಾಕಬಹುದಾದ ಇನ್ನೊಂದು ಸಂಖ್ಯೆನೇ ಅದರ ಜೋಡಿ. ಪೈ ಅಂಥ ಯಾವ ಸಮೀಕರಣದ ಮೂಲಾನೂ ಅಲ್ಲ ಅಂತ ಲಿಂಡೆಮನ್ 1882ರಲ್ಲೇ ತೋರಿಸಿದ, ಹಾಗಾಗಿ ಅದಕ್ಕೆ ಜೋಡಿ ಇಲ್ಲ ಅನ್ಸುತ್ತೆ. ಆದ್ರೆ ಪೀರಿಯಡ್‌ಗಳ ಮಧ್ಯೆ ಇರೋ ಸಮೀಕರಣಗಳೆಲ್ಲ ಜ್ಯಾಮಿತಿಯಿಂದಲೇ ಬರುತ್ತೆ ಅನ್ನೋ ಗ್ರೋಥೆಂಡೀಕ್ ಊಹೆ ನಿಜ ಆದ್ರೆ ಪೈನ ಸೊನ್ನೆಯಲ್ಲದ ಭಾಗಲಬ್ಧ ಗುಣಕಗಳೆಲ್ಲ ಅದರ ಜೋಡಿಗಳೇ. ಲಾಗ್ 2ಕ್ಕೆ? 1/ಎಕ್ಸ್ ಅನ್ನ 1ರಿಂದ 2ರವರೆಗೆ ಇಂಟಿಗ್ರೇಟ್ ಮಾಡಿದ್ರೆ ಬರೋದೇ ಅದು, ಹಾಗೆ ಹೋಗೋವಾಗ 0ಯನ್ನ ಒಂದು ಸುತ್ತು ಬಳಸಿ ಹೋದ್ರೆ 2ಪೈ·ಐ (ಐ ಅಂದ್ರೆ −1ರ ವರ್ಗಮೂಲ) ಸೇರಿಕೊಳ್ಳುತ್ತಲ್ಲ, ಜೋಡಿಗಳು ಬರೋದು ಅಲ್ಲಿಂದ, ಲಾಗ್ 2ಕ್ಕೆ ಪೈ·ಐನ ಯಾವ ಭಾಗಲಬ್ಧ ಗುಣಕ ಸೇರಿಸಿದ್ರೂ ಆಗುತ್ತೆ.

ಝೀಟಾ(4)ಕ್ಕೆ ನಾಲ್ಕು ಚರ ಇಟ್ಟು ಹಾಗೇ 1ರಿಂದ ಕಳೆದು ನೋಡಿ, ಯಾವ ಮೊತ್ತ ಬಂತು ಅಂತ ಬರೀರಿ.